ಚಿತ್ರದುರ್ಗದಿಂದ ಜುಲೈನಲ್ಲಿ ನಾಲ್ಕು ದಿನ ಮಂಗಳೂರಿಗೆ ಹೊರಟಿದ್ದೇವೆ. ಬ್ಯಾಗಿಗೆ ಏನೇನು ಹಾಕಿಕೊಳ್ಳಬೇಕು?

ಮೊದಲು ಜೀನ್ಸ್ ಮನೆಯಲ್ಲೇ ಬಿಡಿ. ನಮ್ಮ ದುರ್ಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಒಗೆದ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿ, ಅಲ್ವಾ? ಮಂಗಳೂರಲ್ಲಿ 3,500ಕ್ಕೂ ಜಾಸ್ತಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಗಾಳಿಯಲ್ಲೇ ತೇವ ತುಂಬಿರುವಾಗ ಬಟ್ಟೆ ಒಣಗುವುದು ಹೇಗೆ? ಹೋದ ವರ್ಷ ಅಲ್ಲಿ ಹರವಿದ್ದ ನನ್ನ ಜೀನ್ಸಿನ ಸೊಂಟದ ಪಟ್ಟಿ ಮೂರನೇ ದಿನವೂ ಒದ್ದೆ, ಜೇಬಲ್ಲಿ ಮುಗ್ಗಲು ವಾಸನೆ.

ತೆಳು ಪಾಲಿಯೆಸ್ಟರ್ ಪ್ಯಾಂಟು, ಟೀ ಶರ್ಟು ಸಾಕು. ಒಳಉಡುಪು ಎರಡು ಜೊತೆ ಜಾಸ್ತಿ ಇರಲಿ. ಶೂ ಬದಲು ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ತಗೊಳ್ಳಿ. ಬ್ಯಾಗಿನ ರೈನ್ ಕವರ್ ಒಂದನ್ನೇ ನಂಬಬೇಡಿ. ಬ್ಯಾಗಿನೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟು ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಗಾಳಿಗೆ ಛತ್ರಿ ಮಗುಚಿಕೊಳ್ಳುತ್ತದೆ, ರೈನ್‌ಕೋಟೂ ಇರಲಿ.