ಬಾಲ್ಕನಿಗೆ ಮೆಟ್ಟಿಲು ಯಾವ ಕಡೆಯಿಂದ?

ನ್ಯೂಜೆರ್ಸಿಯಿಂದ ನಮ್ಮ ಓದುಗರೊಬ್ಬರು ಬರೆದಿದ್ದಾರೆ. ಹುಟ್ಟಿದ್ದು ಉಡುಪಿ ಕಡೆ, ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ. ಇನ್ನೂರು ವರ್ಷ ದಾಟಿದ ಚರ್ಚೊಂದರ ಸದಸ್ಯೆ. ಸಭೆಯಲ್ಲಿ ಬಿಳಿಯರೇ ಜಾಸ್ತಿ, ನಾಲ್ಕಾರು ಭಾರತೀಯ ಮನೆಗಳು, ಮೂರು ಕಪ್ಪು ಕುಟುಂಬಗಳು. ಫೆಬ್ರುವರಿ ಅಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಪ್ರತಿ ವರ್ಷ ಕ್ವಾಯರಿನಲ್ಲಿ ಹಾಡುವ ಒಬ್ಬ ಕಪ್ಪು ಹೆಂಗಸೇ ಹಾಡು, ಭಾಷಣ, ಊಟ ಎಲ್ಲ ನೋಡಿಕೊಳ್ಳುತ್ತಿದ್ದರಂತೆ. ಈ ಸಲ ಆಕೆ "ನನಗೆ ಸಾಕಾಗಿದೆ, ನೀವೇ ಮಾಡಿಕೊಳ್ಳಿ" ಅಂದುಬಿಟ್ಟರು. ಕೆಲಸ ನಮ್ಮ ಓದುಗರ ಕೊರಳಿಗೆ ಬಿತ್ತು. ಅವರು ಕೇಳುತ್ತಾರೆ: "ಏನು ಮಾಡಲಿ? ಅದಕ್ಕೂ ಮೊದಲು, ಇದಕ್ಕೂ ನನಗೂ ಏನು ಸಂಬಂಧ? ನಮ್ಮಜ್ಜ ಯಾರನ್ನೂ ಗುಲಾಮರಾಗಿ ಇಟ್ಟುಕೊಂಡಿರಲಿಲ್ಲ."

ಸಂಬಂಧದ ಮಾತು ಮೊದಲು ಮುಗಿಸೋಣ. 1946ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ನೆಲೆಸಲು ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100. ಇಡೀ ದೇಶಕ್ಕೆ ನೂರು! ಜಾತ್ರೆ ದಿನ ನಮ್ಮೂರ ಒಂದು ಬಸ್ಸಿನಲ್ಲಿ ಅಷ್ಟು ಜನ ಹಿಡಿಸುತ್ತಾರೆ. ಆ ಬಾಗಿಲು ಸರಿಯಾಗಿ ತೆರೆದದ್ದು 1965ರ ಹೊಸ ಕಾನೂನಿನಿಂದ. ಅದರ ಹಿಂದಿನ ವರ್ಷವಷ್ಟೇ ಕಪ್ಪು ಜನ ಬೀದಿಯಲ್ಲಿ ಏಟು ತಿಂದು, ಜೈಲು ಕಂಡು, ನಾಗರಿಕ ಹಕ್ಕುಗಳ ಕಾನೂನು ಬರುವಂತೆ ಮಾಡಿದ್ದರು. ಮನುಷ್ಯನನ್ನು ಬಣ್ಣ ನೋಡಿ, ಹುಟ್ಟಿದ ದೇಶ ನೋಡಿ ತಡೆಯಬಾರದು ಎಂಬ ಮಾತಿಗೆ ಅಲ್ಲಿ ಬೆಲೆ ಬಂದದ್ದು ಹಾಗೆ. ಅವರು ಕಡಿದ ದಾರಿಯಲ್ಲಿ ನಮ್ಮವರು ಸೂಟ್‌ಕೇಸ್ ಹಿಡಿದು ನಡೆದರು. ಇಷ್ಟಾದರೂ ನಮ್ಮ ಮನೆಗಳಲ್ಲಿ ಅವರನ್ನು ಯಾವ ಪದದಿಂದ ಕರೆಯುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನು ಏನು ಮಾಡುವುದು. ನಿಮ್ಮ ಪಟ್ಟಿಯಲ್ಲಿ ಹಾಡಿದೆ, ಊಟವಿದೆ, ಮಾರ್ಟಿನ್ ಲೂಥರ್ ಕಿಂಗ್ ಫೋಟೊ ಇದೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ವಾರದ ದಿನ ಒಬ್ಬರೇ ಚರ್ಚಿಗೆ ಹೋಗಿ ಬಾಲ್ಕನಿ ಇದೆಯಾ ನೋಡಿ. ಇದ್ದರೆ ಮೆಟ್ಟಿಲು ಒಳಗಿನಿಂದಲೋ, ಹೊರಗಿನಿಂದಲೋ? ಹಿಂದೆ ಅಲ್ಲಿ ಯಾರು ಕೂರುತ್ತಿದ್ದರು?

ಸುಮ್ನೆ ಕೇಳುತ್ತಿಲ್ಲ. ನಿಮ್ಮ ರಾಜ್ಯದಿಂದ ನದಿ ದಾಟಿದರೆ ಫಿಲಡೆಲ್ಫಿಯಾ. ಅಲ್ಲಿನ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ 18ನೇ ಶತಮಾನದ ಕೊನೆಯ ಹೊತ್ತಿಗೆ ಕಪ್ಪು ಭಕ್ತರು ಹೆಚ್ಚಾದರು. ಚರ್ಚನ್ನು ದೊಡ್ಡದು ಮಾಡಲು ಅವರೂ ದುಡ್ಡು ಕೊಟ್ಟರು, ಮೈ ಬಗ್ಗಿಸಿ ದುಡಿದರು. ಆಮೇಲೆ ಒಂದು ಭಾನುವಾರ ಅವರಿಗೆ "ನಿಮ್ಮ ಜಾಗ ಮೇಲೆ ಬಾಲ್ಕನಿಯಲ್ಲಿ" ಅಂತ ಹೇಳಿದರು. ಸರಿ, ಹತ್ತಿದರು. ಅಲ್ಲಿಯೂ ಕೂತ ಜಾಗ ತಪ್ಪಾಯಿತು. ಎಲ್ಲರೂ ಮೊಣಕಾಲೂರಿ ಪ್ರಾರ್ಥನೆಯಲ್ಲಿದ್ದಾಗ ಚರ್ಚಿನ ಟ್ರಸ್ಟಿಯೊಬ್ಬ ಬಂದು ಅವರಲ್ಲೊಬ್ಬರಾದ ಅಬ್ಸಲಂ ಜೋನ್ಸ್ ಎಂಬುವರನ್ನು ಹಿಡಿದು ಎಬ್ಬಿಸತೊಡಗಿದ. ಪ್ರಾರ್ಥನೆ ಮುಗಿಯುವವರೆಗೆ ತಾಳಿ ಅಂದರು ಜೋನ್ಸ್. ಆತ ತಾಳಲಿಲ್ಲ, ಸಹಾಯಕ್ಕೆ ಇನ್ನೊಬ್ಬನನ್ನು ಕರೆದ. ಅಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕಪ್ಪು ಜನರೆಲ್ಲ ಒಟ್ಟಿಗೆ ಎದ್ದು ಹೊರಗೆ ನಡೆದರು.

ಹಾಗೆ ನಡೆದವರಲ್ಲಿ ರಿಚರ್ಡ್ ಅಲೆನ್ ಒಬ್ಬರು. ಗುಲಾಮರಾಗಿ ಹುಟ್ಟಿ, ದುಡಿದು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡವರು. ಅವರು ಒಂದು ಹಳೇ ಕಮ್ಮಾರಸಾಲೆಯನ್ನು ಕೊಂಡು, ಕುದುರೆಗಳಿಂದ ಎಳೆಸಿ ತಮ್ಮ ಜಾಗಕ್ಕೆ ತಂದರು. 1794ರಲ್ಲಿ ಅದೇ ಬೆತೆಲ್ ಚರ್ಚಾಯಿತು. 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಎಂಬ ಸ್ವತಂತ್ರ ಪಂಗಡವೇ ಹುಟ್ಟಿತು. ಕಪ್ಪು ಜನರ ಚರ್ಚು ಬೇರೆ ಯಾಕೆ ಅಂತ ಸಂಡೇ ಸ್ಕೂಲ್ ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಈ ಕತೆ ಹೇಳಿ.

ಗುಲಾಮಗಿರಿ ದಕ್ಷಿಣದವರ ಪಾಪ, ನಮ್ಮದು ಉತ್ತರ ಅಂತ ನಿಮ್ಮ ಕಮಿಟಿಯಲ್ಲಿ ಯಾರಾದರೂ ಹೇಳಬಹುದು. ನ್ಯೂಜೆರ್ಸಿ 1804ರಲ್ಲಿ ಗುಲಾಮಗಿರಿಯನ್ನು ಮೆಲ್ಲಗೆ ಕೈಬಿಡುವ ಕಾನೂನು ಮಾಡಿತು. ಎಷ್ಟು ಮೆಲ್ಲಗೆ ಅಂದರೆ, 1865ರಲ್ಲಿ ಗುಲಾಮಗಿರಿ ನಿಲ್ಲಿಸಲು ದೇಶದ ಸಂವಿಧಾನವನ್ನೇ ತಿದ್ದುವಾಗಲೂ ಅಲ್ಲಿ ಕೆಲವರಿಗೆ ಬಿಡುಗಡೆ ಆಗಿರಲಿಲ್ಲ. ನಿಮ್ಮ ಚರ್ಚು ಆಗಲೇ ಇತ್ತಲ್ವಾ? ಹಾಗಾದರೆ ಹಳೇ ದೀಕ್ಷಾಸ್ನಾನದ ರಿಜಿಸ್ಟರ್ ಕೇಳಿ ತೆಗೆಸಿ. ಮನೆತನದ ಹೆಸರಿಲ್ಲದೆ ಬರೀ ಒಂಟಿ ಹೆಸರು, ಪಕ್ಕದಲ್ಲಿ "ಇಂಥವರ ಆಳು". ಅಂಥ ಸಾಲುಗಳು ಹಳೇ ಚರ್ಚುಗಳ ಪುಸ್ತಕದಲ್ಲಿ ಸಿಗುತ್ತವೆ. ಸಿಕ್ಕರೆ ಆ ಹೆಸರುಗಳನ್ನು ಆರಾಧನೆಯ ನಡುವೆ ಗಟ್ಟಿಯಾಗಿ ಓದಿ. ಯಜಮಾನರ ಹೆಸರನ್ನೂ ಬಿಡಬೇಡಿ. ಆ ಮನೆತನದವರು ಈಗಲೂ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರೆ ಸ್ವಲ್ಪ ಮುಜುಗರ ಆಗುತ್ತದೆ. ಆಗಲಿ.

ಹಾಡಿನ ವಿಷಯ. ಸ್ಪಿರಿಚುವಲ್ಸ್ ಅಂದರೆ ಕಪ್ಪು ಜನರ ಭಕ್ತಿಗೀತೆಗಳು, ಅವನ್ನು ಕಟ್ಟಿದವರು ಗುಲಾಮರು. ಹೆಚ್ಚಿನವರ ಹೆಸರು ಯಾರಿಗೂ ಗೊತ್ತಿಲ್ಲ, ರಾಯಲ್ಟಿಯ ಮಾತೇ ಇಲ್ಲ. ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ ಯುನೈಟೆಡ್ ಪ್ಯಾರಿಷ್ ಅಂತ ಒಂದು ಸಭೆಯಿದೆ. ಅವರು 2021ರಲ್ಲಿ ಒಂದು ಪದ್ಧತಿ ಶುರುಮಾಡಿದರು: ಸ್ಪಿರಿಚುವಲ್ ಹಾಡಿದ ಭಾನುವಾರ ಅದರ ರಾಯಲ್ಟಿ ಅಂತಲೇ ಕಾಣಿಕೆ ಎತ್ತುವುದು, ಆ ದುಡ್ಡನ್ನು ಕಪ್ಪು ಮಕ್ಕಳಿಗೆ ಸಂಗೀತ ಕಲಿಸುವ ರಾಕ್ಸ್‌ಬರಿಯ ಸಂಸ್ಥೆಗೆ ಕೊಡುವುದು. ನನಗೆ ಇದು ಬಹಳ ಹಿಡಿಸಿತು. ಕಣ್ಣು ಮುಚ್ಚಿ ತಲೆದೂಗುವುದು ಸುಲಭ, ಪರ್ಸ್ ತೆಗೆಯುವಾಗ ಆ ಹಾಡು ಯಾರದ್ದು ಅಂತ ನೆನಪಾಗುತ್ತದೆ.

ದುಡ್ಡಿನ ಮಾತು ಬಂತು, ಪತ್ರಿಕೆಯವನಾಗಿ ಇನ್ನೊಂದು ಹೇಳಲೇಬೇಕು. 1963ರ ಸೆಪ್ಟೆಂಬರ್ 15, ಭಾನುವಾರ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಿಳಿಯ ಜನಾಂಗವಾದಿಗಳು ಬಾಂಬ್ ಇಟ್ಟರು. ನಾಲ್ಕು ಹುಡುಗಿಯರು ಸತ್ತರು. ಒಂದು ಬಣ್ಣದ ಗಾಜಿನ ಕಿಟಕಿ ಚೌಕಟ್ಟಿನಲ್ಲಿ ಉಳಿದಿತ್ತು, ಅದರಲ್ಲಿದ್ದ ಯೇಸುವಿನ ಮುಖ ಮಾತ್ರ ಹಾರಿಹೋಗಿತ್ತು. ದೂರದ ವೇಲ್ಸ್‌ನಲ್ಲಿ ಸುದ್ದಿ ತಿಳಿದ ಜಾನ್ ಪೆಟ್ಸ್ ಎಂಬ ಕಲಾವಿದ, ಹೊಸ ಕಿಟಕಿ ಮಾಡಿಕೊಡುತ್ತೇನೆ ಅಂದ. 'ವೆಸ್ಟರ್ನ್ ಮೇಲ್' ಪತ್ರಿಕೆ ಚಂದಾ ಎತ್ತಿತು. ಒಂದೇ ಷರತ್ತು: ಯಾರೂ ಅರ್ಧ ಕ್ರೌನ್‌ಗಿಂತ, ಅಂದರೆ ಎರಡೂವರೆ ಶಿಲ್ಲಿಂಗ್‌ಗಿಂತ, ಜಾಸ್ತಿ ಕೊಡುವಂತಿಲ್ಲ. ಶ್ರೀಮಂತನೊಬ್ಬ ಚೆಕ್ ಬರೆದು ಕೈತೊಳೆದುಕೊಳ್ಳಬಾರದಲ್ಲ! ಮಕ್ಕಳೂ ಚಿಲ್ಲರೆ ಕೊಟ್ಟರು. 1965ರಿಂದ ಆ ಚರ್ಚಿನಲ್ಲಿ ಕೈಚಾಚಿ ನಿಂತ ಕಪ್ಪು ಯೇಸು ಇದ್ದಾನೆ. ನಿಮ್ಮ ಕಮಿಟಿಗೆ ಯಾರಾದರೂ ದೊಡ್ಡ ಮೊತ್ತ ಕೊಡಲು ಬಂದರೆ ಈ ಅರ್ಧ ಕ್ರೌನ್ ನೆನಪಿಸಿ.

ಒಂದು ವಿಷಯ ಬಾಕಿ ಇದೆ. ಕ್ವಾಯರಿನ ಆ ಹೆಂಗಸಿಗೆ ಈ ಸಲ ಯಾವ ಕೆಲಸವನ್ನೂ ಹೇಳಬೇಡಿ, "ಒಂದೇ ಒಂದು ಹಾಡು" ಅಂತ ಕೂಡ. ಬಂದು ಕೂತರೆ ಕೂರಲಿ, ಬೇಡವಾದರೆ ಮನೆಯಲ್ಲಿರಲಿ. ಊಟಕ್ಕೆ ನೀವೇ ನೀರುದೋಸೆ ಹೊಯ್ಯಿರಿ. ರಿಜಿಸ್ಟರಿನಲ್ಲಿ ಏನು ಸಿಕ್ಕಿತು ಅಂತ ನಮಗೆ ಬರೆಯಿರಿ. ಪುಸ್ತಕ ಕಾಣೆಯಾಗಿದೆ ಅಂತ ಚರ್ಚಿನವರು ಹೇಳಿದರೆ, ಅದನ್ನೂ ಬರೆಯಿರಿ.