ಆರ್ಯಭಟೀಯವನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಲದೇ, ಟಿಪ್ಪಣಿ ಯಾಕೆ ಬೇಕು?

ಸಾಲದು. ಬರೀ ಅನುವಾದ ಓದಿದರೆ ಎಷ್ಟೋ ಶ್ಲೋಕಗಳು ತಲೆಗೇ ಹೋಗುವುದಿಲ್ಲ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಬರೆದ ಈ ಖಗೋಳ ಗ್ರಂಥದಲ್ಲಿ ಇರುವುದೇ ನೂರಿಪ್ಪತ್ತು ಚಿಲ್ಲರೆ ಶ್ಲೋಕ. ಬಾಯಿಪಾಠಕ್ಕೆ ಅನುಕೂಲವಾಗಲಿ ಅಂತ ವಿಷಯವನ್ನೆಲ್ಲ ಹಿಂಡಿ ಚಿಕ್ಕದು ಮಾಡಿದ್ದಾನೆ. ದೊಡ್ಡ ದೊಡ್ಡ ಸಂಖ್ಯೆಗಳೂ ಅಕ್ಷರದಲ್ಲೇ ಅಡಗಿವೆ.

'ಖ್ಯುಘೃ' ಅನ್ನುವುದನ್ನೇ ನೋಡಿ. ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಪದವೇ ಅಲ್ಲ, ಸಂಖ್ಯೆ. ಖ ಅಂದರೆ 2, ಯ ಅಂದರೆ 30, ಘ ಅಂದರೆ 4. ಜೊತೆಗಿರುವ ಸ್ವರ ಸ್ಥಾನ ಹೇಳುತ್ತದೆ: 'ಉ' ಬಂದರೆ ಹತ್ತು ಸಾವಿರದಿಂದ ಗುಣಿಸಬೇಕು, 'ಋ' ಬಂದರೆ ಹತ್ತು ಲಕ್ಷದಿಂದ. 20,000, 3,00,000, 40,00,000 ಕೂಡಿಸಿ. 43,20,000 ಬಂತು. ಒಂದು ಯುಗದಲ್ಲಿ ಸೂರ್ಯ ಹಾಕುವ ಸುತ್ತುಗಳು ಇಷ್ಟು. ಎರಡೇ ಅಕ್ಷರದಲ್ಲಿ! ಇದನ್ನು ಯಾರಾದರೂ ಬಿಡಿಸಿ ಹೇಳಬೇಕು ಅಲ್ವಾ?

ಗ್ರಂಥದ ಹಳೆಯ ಪ್ರತಿಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಸೂಕ್ಷ್ಮ. ಒಂದು ಪ್ರಾಣದಲ್ಲಿ, ಅಂದರೆ 4 ಸೆಕೆಂಡಿನಲ್ಲಿ, ಒಂದು ಕಲೆಯಷ್ಟು (ಡಿಗ್ರಿಯ 60ನೇ ಒಂದು ಭಾಗ) ತಿರುಗುವುದು ಯಾವುದು? 'ಭೂಃ' ಅನ್ನುತ್ತದೆ ಒಂದು ಪಾಠ, ಅಂದರೆ ಭೂಮಿ. 'ಭಂ' ಅನ್ನುತ್ತದೆ ಇನ್ನೊಂದು, ಅಂದರೆ ನಕ್ಷತ್ರಮಂಡಲ. ಭೂಮಿ ತಿರುಗುವುದನ್ನು ಒಪ್ಪದ ವ್ಯಾಖ್ಯಾನಕಾರರಿಗೆ ಎರಡನೆಯದೇ ಹಿಡಿಸಿತು. ಆದರೆ ಆರ್ಯಭಟನನ್ನು ಖಂಡಿಸಲು ಮುಂದಿನ ಕಾಲದ ಖಗೋಳಜ್ಞ ಬ್ರಹ್ಮಗುಪ್ತ ಎತ್ತಿ ಹೇಳಿದ ಸಾಲಿನಲ್ಲಿ 'ಭೂಃ' ಎಂದೇ ಇದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಅನುವಾದಕ ಯಾವುದನ್ನು ಆರಿಸಿದ, ಯಾಕೆ ಆರಿಸಿದ ಅನ್ನುವುದು ಓದುಗನಿಗೆ ಗೊತ್ತಾಗುವುದು ಟಿಪ್ಪಣಿಯಿಂದಲೇ.