ದಿನಾ ಹಾಕುವ ಸರ, ಓಲೆ, ಉಂಗುರ ಹೊಳೆಯಬೇಕಾದರೆ ಯಾವುದರಲ್ಲಿ ತಿಕ್ಕಬೇಕು?

ಯಾವುದರಲ್ಲೂ ತಿಕ್ಕಬೇಡಿ.

ಎಲ್ಲ ಒಡವೆಗೂ ಆಗುವಂಥ ಒಂದೇ ಪಾಲಿಶ್ ಹೇಳಿ, ವಾರಕ್ಕೊಮ್ಮೆ ತಿಕ್ಕಿ ಒಂದು ಡಬ್ಬಿಗೆ ಹಾಕಿಡುತ್ತೇನೆ, ಟೂತ್‌ಪೇಸ್ಟ್ ಆದೀತಾ ಎಂದು ಕೇಳಿದ್ದೀರಿ. ಆ ಟೂತ್‌ಪೇಸ್ಟ್ ಎಂಬ ಮಾತು ಕಣ್ಣಿಗೆ ಬಿದ್ದದ್ದಕ್ಕೇ ಉತ್ತರ ಬರೆಯಲು ಕೂತಿದ್ದೇನೆ.

ಅಮ್ಮ ನನಗೊಂದು ಸರ ಕೊಟ್ಟಿದ್ದರು. ಬೆಳ್ಳಿ ಸರ, ಮೇಲೆ ಚಿನ್ನದ ಲೇಪ. ಪದಕದ ಮೇಲೆ ಸಣ್ಣ ಸಣ್ಣ ಎಲೆಗಳ ಕೆತ್ತನೆ. ಒಂದೊಂದು ಎಲೆಯಲ್ಲೂ ನರಗಳನ್ನು ಬಿಡಿಸಿದ್ದರು. ನಾನದನ್ನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ, ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಬರ್ತಾ ಬರ್ತಾ ಮಂಕಾಯಿತು. ಯಾರೋ ಹೇಳಿದ್ದು ನೆನಪಾಗಿ ಹಳೇ ಬ್ರಶ್‌ಗೆ ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಅಲ್ಲಿಂದ ಮಂಕಾದಾಗಲೆಲ್ಲ ಅದೇ ಮದ್ದು.

ನಿಜಕ್ಕೂ ಏನಾಗುತ್ತಿತ್ತು ಎಂದು ಬಿಡಿಸಿ ಹೇಳುತ್ತೇನೆ. ನಿಮ್ಮ ಒಡವೆಗೂ ಇದೇ ಆಗುವುದು. ಮಂಕಾಗಿದ್ದು ಚಿನ್ನ ಅಲ್ಲ. ಚಿನ್ನದ ಮೇಲೆ ಒಂದು ಜಿಡ್ಡಿನ ಪೊರೆ ಕೂತಿತ್ತು. ಮೈಯೆಣ್ಣೆ, ಬೆವರು, ಕ್ರೀಮು, ಎಲ್ಲಕ್ಕಿಂತ ಜಾಸ್ತಿ ಮೈಸೋಪು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ. ಬಕೆಟ್ಟಿನ ಒಳಗೋಡೆಗೆ ಅಂಟಿರುತ್ತದಲ್ಲ, ಅದೇ. ಅದು ಸರದ ಕೊಂಡಿ ಕೊಂಡಿಗೂ, ಕೆತ್ತನೆಯ ಸಂದಿಗೂ ಹೋಗಿ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆದರೆ ಸಡಿಲಾಗಿ ಬರುವ ಕೊಳೆ ಇದು. ತಿಕ್ಕುವ ಅಗತ್ಯವೇ ಇಲ್ಲ.

ಟೂತ್‌ಪೇಸ್ಟ್‌ನಲ್ಲಿ ಉಜ್ಜುವುದಕ್ಕೆಂದೇ ನುಣ್ಣನೆಯ ಪುಡಿ ಹಾಕಿರುತ್ತಾರೆ. ಹೈಡ್ರೇಟೆಡ್ ಸಿಲಿಕಾ ಇರಬಹುದು, ಕ್ಯಾಲ್ಸಿಯಂ ಕಾರ್ಬೊನೇಟ್ ಇರಬಹುದು. ಅದನ್ನು ಮಾಡಿರುವುದು ಹಲ್ಲಿಗೆ. ವಸ್ತು ಎಷ್ಟು ಗಡಸು ಎಂದು ಹೇಳಲು ಮೋಸ್ (Mohs) ಎಂಬ 1ರಿಂದ 10ರ ಅಳತೆ ಇದೆ, ಅಂಕಿ ಹೆಚ್ಚಿದ್ದದ್ದು ಕಮ್ಮಿ ಇದ್ದದ್ದನ್ನು ಗೀರುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್ ಅದರಲ್ಲಿ ಸುಮಾರು 5. ಚಿನ್ನ, ಬೆಳ್ಳಿ ಎರಡೂ 2.5ರಿಂದ 3ರ ಒಳಗೆ. ಹಲ್ಲು ತಡೆದುಕೊಳ್ಳುವುದನ್ನು ಚಿನ್ನ ತಡೆಯುವುದಿಲ್ಲ. ಲೇಪದ ಚಿನ್ನವಂತೂ ಇನ್ನೂ ಕಷ್ಟ. ಬೆಳ್ಳಿಯ ಮೇಲೆ ಹಾಕುವ ಒಳ್ಳೆಯ ದಪ್ಪ ಲೇಪ ಎಂದರೇ 2.5 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸಾಮಾನ್ಯ ಲೇಪ ಅರ್ಧ ಮೈಕ್ರಾನ್ ಇದ್ದರೆ ಹೆಚ್ಚು. ಅದರ ಮೇಲೆ ಬ್ರಶ್ ಹಿಡಿದು ಉಜ್ಜುತ್ತಾ ಕೂತಿದ್ದೆ.

ಮೊದಲ ಸಲ ಹೊಳೆಯಿತಲ್ಲ, ಮೋಸ ಇರುವುದು ಅಲ್ಲೇ. ಪೊರೆ ಹೋಗಿದ್ದಕ್ಕೆ ಹೊಳೆಯಿತು. ಅದರ ಜೊತೆಗೆ ಕಣ್ಣಿಗೆ ಕಾಣದ ಗೀರುಗಳೂ ಬಿದ್ದವು. ಗೀರಿನಲ್ಲಿ ಕೊಳೆ ಇನ್ನೂ ಸುಲಭವಾಗಿ ನಿಲ್ಲುತ್ತದೆ, ಬೆಳಕು ಚದುರುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ಮಂಕಾಯಿತು, ಇನ್ನೂ ಬೇಗ ತಿಕ್ಕಿದೆ. ಎಲೆಗಳ ಉಬ್ಬಿದ ಅಂಚಿನಲ್ಲಿ ಮೊದಲು ಬಿಳಿ ಕಂಡಿತು, ಆಮೇಲೆ ಕಪ್ಪು. ಕಪ್ಪು ನೋಡಿ ಕೊಳೆ ಎಂದುಕೊಂಡು ಇನ್ನೂ ಬಲವಾಗಿ ತಿಕ್ಕಿದೆ. ಅದು ಕೊಳೆ ಆಗಿರಲಿಲ್ಲ. ಒಳಗಿನ ಬೆಳ್ಳಿ ಹೊರಗೆ ಬಂದು ಗಾಳಿಗೆ ಕಪ್ಪಾಗುತ್ತಿತ್ತು.

ಕೊನೆಗೆ ಅಕ್ಕಸಾಲಿಗರ ಹತ್ತಿರ ತೆಗೆದುಕೊಂಡು ಹೋದೆ. ಹೊಸ ಲೇಪ ಹಾಕಬಹುದು, ಆದರೆ ಅದಕ್ಕೂ ಮೊದಲು ಮೇಲ್ಮೈಯನ್ನೆಲ್ಲ ಉಜ್ಜಿ ಸಮ ಮಾಡಬೇಕು ಎಂದರು. ಎಲೆಯ ನರಗಳು ಆಗಲೇ ಅರ್ಧ ಅಳಿಸಿದ್ದವು. ಉಳಿದಿದ್ದೂ ಆ ಉಜ್ಜಾಟದಲ್ಲಿ ಹೋಯಿತು. ಸರ ಈಗ ಹೊಳೆಯುತ್ತದೆ. ಎಲೆ ಇದ್ದ ಕಡೆ ನುಣುಪಾದ ಉಬ್ಬುಗಳಿವೆ ಅಷ್ಟೆ. ಲೇಪಕ್ಕೆ ಕೊಟ್ಟ ದುಡ್ಡಿನ ಬೇಜಾರಿಲ್ಲ. ಆ ಕೆತ್ತನೆ ಮತ್ತೆ ಬರುವುದಿಲ್ಲ. ಆ ಸರಕ್ಕೆ ಮೊದಲಿನಿಂದಲೂ ಬೇಕಾಗಿದ್ದುದು ಒಂದು ಬಟ್ಟಲು ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್.

ಆದ್ದರಿಂದ ಯಾವ ಪಾಲಿಶ್ ಎನ್ನುವ ಪ್ರಶ್ನೆಯನ್ನೇ ಬಿಡಿ. ನಿಮ್ಮ ಒಡವೆ ಯಾವುದರಿಂದ ಮಾಡಿದ್ದು ಎಂದು ಮೊದಲು ತಿಳಿದುಕೊಳ್ಳಿ. ಹಿಂದುಗಡೆ ಅಥವಾ ಕೊಂಡಿಯ ಹತ್ತಿರ ಸಣ್ಣ ಅಂಕಿ ಇರುತ್ತದೆ. 916 ಎಂದರೆ 22 ಕ್ಯಾರೆಟ್, 750 ಎಂದರೆ 18, 925 ಎಂದರೆ ಬೆಳ್ಳಿ. ಚಿನ್ನದ ಬಣ್ಣ ಇದ್ದು 925 ಎಂದು ಬರೆದಿದ್ದರೆ ಅದು ಲೇಪ. ಅದನ್ನು ಒರೆಸಿ, ಉಜ್ಜಬೇಡಿ.

ಗಟ್ಟಿ ಚಿನ್ನಕ್ಕೆ, ವಜ್ರಕ್ಕೆ ನಾನು ಹೇಳಿದ ಬಟ್ಟಲು ಸಾಕು. ಹತ್ತು ಹದಿನೈದು ನಿಮಿಷ ನೆನೆಸಿ, ಮಕ್ಕಳ ಮೆತ್ತನೆ ಬ್ರಶ್‌ನಿಂದ ಸಂದಿಗಳನ್ನು ಸವರಿ, ಇನ್ನೊಂದು ಬಟ್ಟಲಿನ ನೀರಿನಲ್ಲಿ ಅದ್ದಿ ತೆಗೆಯಿರಿ. ಸಿಂಕ್‌ನಲ್ಲಿ ನಲ್ಲಿ ಬಿಟ್ಟು ತೊಳೆಯಲು ಹೋಗಬೇಡಿ, ಓಲೆಯ ತಿರುಪು ಜಾರಿದರೆ ಹೋಯಿತು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಅದರಲ್ಲೂ ಹಿಂಭಾಗದಲ್ಲಿ. ಮೇಲಿನಿಂದ ಎಷ್ಟು ಒರೆಸಿದರೂ ಕಳೆ ಬರುವುದಿಲ್ಲ, ಹಿಂದಿನಿಂದ ಸವರಬೇಕು. ಮೈಸೋಪು ಮಾತ್ರ ಬೇಡ. ಯಾಕೆಂದು ಮೇಲೆಯೇ ಹೇಳಿದೆ.

ಮುತ್ತನ್ನು ನೆನೆಸಲೇಬಾರದು. ದಾರ ನೀರು ಕುಡಿದು ಸಡಿಲವಾಗುತ್ತದೆ. ಮುತ್ತಿನಲ್ಲಿರುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕರಗುತ್ತದೆ. ನಿಂಬೆರಸ, ವಿನೆಗರ್ ಹತ್ತಿರವೂ ತರಬೇಡಿ. ಹಾಕಿ ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲು ಬಿಡಿ. ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ. ಬಿಸಿ ನೀರು, ಶಬ್ದದ ಅಲೆಗಳಿಂದ ನೀರನ್ನು ಅದುರಿಸಿ ತೊಳೆಯುವ ಅಲ್ಟ್ರಾಸಾನಿಕ್ ಮಶೀನು ಎರಡೂ ಅದಕ್ಕೆ ಆಗದು. ಹರಳಿನ ಹಿಂದೆ ತಗಡು ಇಟ್ಟು ಕೂರಿಸಿದ ಒಡವೆಗೆ ನೀರು ಸೋಕಿದರೆ ಒಳಗೆ ಇಳಿದು ತಗಡು ಕಪ್ಪಾಗುತ್ತದೆ. ಅದನ್ನು ಸರಿ ಮಾಡುವುದು ತುಂಬಾ ಕಷ್ಟ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಮೇಲೆ ಸಿಲ್ವರ್ ಸಲ್ಫೈಡ್ ಪೊರೆ ಕಟ್ಟುತ್ತದೆ. ಹರಳಿಲ್ಲದ, ಲೇಪವಿಲ್ಲದ ಬೆಳ್ಳಿಯಾದರೆ ಬಟ್ಟಲಿನಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ, ಬೆಳ್ಳಿ ಹಾಳೆಗೆ ತಾಗುವ ಹಾಗೆ ಇಡಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ಕೆಟ್ಟ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಕೆಲಸ ಆಗುತ್ತಿದೆ ಎಂದರ್ಥ. ಉಜ್ಜುವುದರಿಂದ ಬೆಳ್ಳಿ ಸವೆಯುತ್ತದೆ, ಇದರಲ್ಲಿ ಸವೆಯುವುದಿಲ್ಲ. ಆದರೆ ಚೆಂದಕ್ಕೆಂದು ಬೇಕಂತಲೇ ಕಪ್ಪು ಮಾಡಿಸಿದ ಆಕ್ಸಿಡೈಸ್ಡ್ ಬೆಳ್ಳಿಯನ್ನು ಇದಕ್ಕೆ ಹಾಕಬೇಡಿ, ಆ ಕಪ್ಪೂ ಹೋಗುತ್ತದೆ. ಇನ್ನೊಂದು ವಿಷಯ: ದಿನಾ ಹಾಕುವ ಬೆಳ್ಳಿ ಕಮ್ಮಿ ಕಪ್ಪಾಗುತ್ತದೆ. ಮೈಗೆ, ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇರುತ್ತದಲ್ಲ. ಸುಮ್ನೆ ಎತ್ತಿಟ್ಟ ಬೆಳ್ಳಿಯೇ ಬೇಗ ಕೆಡುವುದು.

ಒಂದೇ ಡಬ್ಬಿ ಎಂದಿರಲ್ಲ, ಅದನ್ನೂ ನಾನು ಒಪ್ಪುವುದಿಲ್ಲ. ಮೋಸ್ ಅಳತೆಯಲ್ಲಿ ವಜ್ರದ ಗಡಸುತನ 10. ಅದು ಜೊತೆಗಿರುವ ಎಲ್ಲವನ್ನೂ ಗೀರುತ್ತದೆ. ಪ್ರತಿಯೊಂದಕ್ಕೂ ಸಣ್ಣ ಜಿಪ್ ಕವರ್ ಸಾಕು, ದುಬಾರಿ ಪೆಟ್ಟಿಗೆ ಏನೂ ಬೇಡ. ಸರದ ಕೊಂಡಿ ಹಾಕಿ ಇಡಿ, ಗಂಟಾಗುವುದಿಲ್ಲ. ಬೆಳ್ಳಿಯ ಕವರ್‌ನಿಂದ ಗಾಳಿ ಒತ್ತಿ ತೆಗೆದು ಮುಚ್ಚಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಉಣ್ಣೆ ಬಟ್ಟೆಯಲ್ಲಿ ಕಟ್ಟಬೇಡಿ, ಎರಡರಲ್ಲೂ ಗಂಧಕ ಇದೆ. ಮುತ್ತನ್ನು ಮಾತ್ರ ಗಾಳಿಯಾಡದ ಕವರ್‌ನಲ್ಲಿ ವರ್ಷಗಟ್ಟಲೆ ಇಡಬಾರದು, ಒಣಗಿ ಬಿರುಕು ಬಿಡಬಹುದು. ಅದಕ್ಕೆ ಮೆತ್ತನೆ ಹತ್ತಿ ಬಟ್ಟೆಯ ಚೀಲ. ಬಚ್ಚಲುಮನೆಯ ಶೆಲ್ಫ್ ಯಾವ ಒಡವೆಗೂ ಜಾಗವಲ್ಲ.

ಅರ್ಧ ಕೆಲಸ ಇರುವುದು ಹಾಕುವ, ತೆಗೆಯುವ ಕ್ರಮದಲ್ಲಿ. ಕ್ರೀಮು, ಸೆಂಟು, ಹೇರ್ ಸ್ಪ್ರೇ ಎಲ್ಲ ಮುಗಿದ ಮೇಲೆ ಒಡವೆ. ಸ್ನಾನಕ್ಕೆ, ಈಜಿಗೆ, ನೆಲ ಒರೆಸುವುದಕ್ಕೆ ಹೋಗುವ ಮೊದಲು ತೆಗೆದಿಡಿ. ಈಜುಕೊಳದ ನೀರಿನಲ್ಲೂ ಬ್ಲೀಚ್‌ನಲ್ಲೂ ಇರುವ ಕ್ಲೋರಿನ್ ಚಿನ್ನಕ್ಕೆ ಬೆರೆಸಿದ ತಾಮ್ರದಂಥ ಲೋಹಗಳನ್ನು ತಿನ್ನುತ್ತದೆ. ಕ್ಯಾರೆಟ್ ಕಡಿಮೆ ಇದ್ದಷ್ಟೂ ಹಾನಿ ಜಾಸ್ತಿ, ಹರಳನ್ನು ಹಿಡಿದಿಟ್ಟ ಲೋಹದ ಸಣ್ಣ ಕಾಲುಗಳು ಪೆಡಸಾಗಿ ಮುರಿಯಬಹುದು.

ನಿಮ್ಮ ಉಂಗುರದಲ್ಲಿ ಹರಳು ಇದೆ ಎಂದಿದ್ದೀರಿ. ತೊಳೆಯುವ ಮೊದಲು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಒಳಗೆ ಟಿಕ್ ಟಿಕ್ ಎಂದರೆ ಹರಳು ಸಡಿಲವಾಗಿದೆ. ನೀರಿಗೆ ಹಾಕಬೇಡಿ, ಬೆರಳಿಗೂ ಹಾಕಬೇಡಿ. ಒಂದು ಕವರ್‌ಗೆ ಹಾಕಿಕೊಂಡು ಅಕ್ಕಸಾಲಿಗರ ಹತ್ತಿರ ಹೋಗಿ, ಹರಳಿನ ಕಾಲುಗಳನ್ನು ಬಿಗಿ ಮಾಡಿಸಿ.